ಸುಳ್ಳು ಹಸಿರನ್ನು ಬಿಡಿಸುವ ಪೋರ್ಟಕ್ಕ

ಬೆಳಗಿನ ಐದೂಮುಕ್ಕಾಲು. ಕಾವಲುಗಾರ ಷಟರ್ ಎತ್ತಿ, ಕೋಳಿಗಿಂತ ಮುಂಚೆ ಏಳುವ ಹಟ ಯಾಕೆ ಮೇಡಂ ಎಂದು ಎಂದಿನಂತೆ ಕೆಣಕಿ ಹೋಗಿದ್ದಾನೆ. ಮೂರನೇ ಮಹಡಿಯ ಮೂಲೆ ಮೇಜಿನ ಮುಂದೆ ಐವತ್ತೊಂದರ ಹೆಂಗಸೊಬ್ಬಳು ಕನ್ನಡಕವನ್ನು ಹಣೆಗೇರಿಸಿ ಕುಳಿತಿದ್ದಾಳೆ. ಎದುರಿಗೆ ಮುಚ್ಚಳ ಬಿಚ್ಚಿದ ಒಂದು ಪೆಟ್ಟಿಗೆ, ಅದರಲ್ಲಿ ಸಾಲಾಗಿ ಎಂಟು ಕಿಂಡಿ. ಒಂದೊಂದು ಕಿಂಡಿಯಿಂದಲೂ ಕೇಬಲ್ ಕೀಳುತ್ತಾಳೆ, ದೀಪ ಆರುವುದನ್ನು ನೋಡುತ್ತಾಳೆ, ಮತ್ತೆ ಚುಚ್ಚುತ್ತಾಳೆ. ಎಂಟು ಕಿಂಡಿ, ಒಂದೊಂದರಲ್ಲೂ ಮಾತು ಸಾಗುವ ಐದು ವೇಗ. ಲೆಕ್ಕ ದಿನಕ್ಕೆ ನಲವತ್ತು ಸಲ. ಹತ್ತೊಂಬತ್ತು ವರ್ಷ ಕೇಬಲ್ಲಿನ ಕ್ಲಿಪ್ ಒತ್ತಿ ಒತ್ತಿ ಬಲಗೈ ಹೆಬ್ಬೆರಳಿನ ಉಗುರು ಸೊಟ್ಟಗಾಗಿದೆ.

ಆಫೀಸಿನಲ್ಲಿ ಎಲ್ಲರಿಗೂ ಈಕೆ ಪೋರ್ಟಕ್ಕ. ಆ ಕಿಂಡಿಗಳಿಗೆ ಪೋರ್ಟ್ ಎನ್ನುತ್ತಾರೆ, ಪೆಟ್ಟಿಗೆಗೆ ಸ್ವಿಚ್. ಸ್ವಿಚ್ ಕೆಲಸ ಎಂದದ್ದನ್ನು ಕೇಳಿಸಿಕೊಂಡ ಪಕ್ಕದ ಮನೆಯಾಕೆ ಒಮ್ಮೆ ಫ್ಯಾನ್ ತಿರುಗುತ್ತಿಲ್ಲ ಎಂದು ಕರೆದುಕೊಂಡು ಹೋಗಿದ್ದಳಂತೆ. ಇದು ಆ ಸ್ವಿಚ್ಚಲ್ಲ ಎಂದು ವಿವರಿಸುವುದಕ್ಕಿಂತ ಫ್ಯಾನ್ ರಿಪೇರಿ ಮಾಡುವುದೇ ಸುಲಭ ಎನಿಸಿ, ಅದನ್ನೂ ಮಾಡಿಕೊಟ್ಟು ಬಂದಳಂತೆ. ಇದು ಕಂಪ್ಯೂಟರುಗಳ ಮಾತನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುವ ಪೆಟ್ಟಿಗೆ. ಅದರೊಳಗಿನ ಚಿಪ್‌ಗೆ ಏನು ಮಾಡಬೇಕೆಂದು ಹೇಳುವ ಪ್ರೋಗ್ರಾಮಿಗೆ ಡ್ರೈವರ್ ಎಂದು ಹೆಸರು. ಒಂಬತ್ತು ಸಾವಿರ ಸಾಲುಗಳ ಆ ಡ್ರೈವರಿನಲ್ಲಿ ಮುನ್ನೂರು ಚಿಲ್ಲರೆ ಸಾಲು ಈಕೆಯವು. ಪೆಟ್ಟಿಗೆಯ ಮೇಲೆ ಈಕೆಯ ಹೆಸರಿಲ್ಲ, ಕಂಪನಿಯದ್ದಿದೆ.

ಆ ಮುನ್ನೂರು ಸಾಲಿನ ಕೆಲಸ ಕೇಳಲು ಸಣ್ಣದು. ಕೇಬಲ್ಲಿನ ಆಚೆ ತುದಿಯಲ್ಲಿ ಯಾರಾದರೂ ಇದ್ದಾರೆಯೇ ಎಂದು ಪೋರ್ಟ್ ತಾನಾಗಿ ತಿಳಿದುಕೊಳ್ಳಬೇಕು. ಕೆಲವು ಹಳೇ ಯಂತ್ರಗಳೊಂದಿಗೆ ಅದು ಆಗುವುದಿಲ್ಲ. ಆಗ ಪ್ರೋಗ್ರಾಮ್ ಬಲವಂತ ಮಾಡುತ್ತದೆ: ಸಂಪರ್ಕ ಇದೆ ಎಂದುಕೋ, ದೀಪ ಹಚ್ಚು. ಕೆಲಸ ಮುಗಿದ ಮೇಲೆ ಆ ಬಲವಂತವನ್ನು ಬಿಡಿಸಬೇಕು. ಬಿಡಿಸದಿದ್ದರೆ ಕೇಬಲ್ ತುಂಡಾಗಿ ಬಿದ್ದರೂ ಹಸಿರು ದೀಪ ಉರಿಯುತ್ತಲೇ ಇರುತ್ತದೆ.

"ಹಸಿರು ಕಂಡ್ರೆ ಎಲ್ಲರಿಗೂ ಸಮಾಧಾನ. ನನಗೆ ಮಾತ್ರ ಅನುಮಾನ" ಎನ್ನುತ್ತಾಳೆ ಪೋರ್ಟಕ್ಕ.

ಅನುಮಾನ ಸುಮ್ಮನೆ ಬಂದದ್ದಲ್ಲ. ಈಕೆಗೊಬ್ಬಳು ತಂಗಿ, ಎಂಟು ವರ್ಷಕ್ಕೆ ಕಿರಿಯಳು. ದಡದಿಂದ ದೂರದ ಪುಟ್ಟ ದ್ವೀಪವೊಂದರ ಹವಾಮಾನ ಕೇಂದ್ರದಲ್ಲಿ ಗಾಳಿ, ಮೋಡ ಬರೆದುಕೊಳ್ಳುವ ಕೆಲಸ. ತಿಂಗಳಿಗೊಂದು ದೋಣಿ. ದಡಕ್ಕೆ ಮಾತು ದಾಟಿಸಲು ಎರಡು ದಾರಿ: ಒಂದು ಗೋಪುರದ ರೇಡಿಯೋ, ಅದು ಕೆಟ್ಟರೆ ಉಪಗ್ರಹ. ಎರಡರ ನಡುವೆ ಕುಳಿತಿರುವುದು ಅಕ್ಕನ ಆಫೀಸಿನದೇ ಪೆಟ್ಟಿಗೆ. ರೇಡಿಯೋ ಚುಚ್ಚಿದ ಮೊದಲ ಪೋರ್ಟಿನ ದೀಪ ಆರಿದರೆ ಮಾತ್ರ ಅದು ಎರಡನೇ ದಾರಿ ಹಿಡಿಯುತ್ತದೆ.

ಆ ಪೆಟ್ಟಿಗೆಯನ್ನೂ ಹಳೇ ರೇಡಿಯೋವನ್ನೂ ಜೋಡಿಸಿ ಕಳಿಸುವ ದಿನ ರೇಡಿಯೋ ಹಟ ಮಾಡಿತು, ದೀಪ ಹತ್ತಲಿಲ್ಲ. ಸಂಜೆ ದೋಣಿ ಹೊರಡುವುದಿತ್ತು. ಪೋರ್ಟಕ್ಕ ಒಂದು ಸಾಲು ಬರೆದು ದೀಪವನ್ನು ಬಲವಂತವಾಗಿ ಹಚ್ಚಿಸಿದಳು. ನಾಳೆ ಬಿಡಿಸಿದರಾಯಿತು ಎಂದುಕೊಂಡಳು. "ನಾಳೆ ಅಂದವರ ಮನೆ ಹಾಳು ಅಂತಾರಲ್ಲ, ನಮ್ಮನೇದೇ ಆಯ್ತು" ಎಂದು ಈಗ ಹೇಳುವಾಗ ಕೈ ಕೇಬಲ್ ಬಿಟ್ಟಿರುವುದಿಲ್ಲ.

ಹದಿನಾಲ್ಕು ತಿಂಗಳ ನಂತರ ಉಪ್ಪುಗಾಳಿಗೆ ದ್ವೀಪದ ಕೇಬಲ್ ಒಳಗೊಳಗೇ ಕೊಳೆಯಿತು. ದೀಪ ಮಾತ್ರ ಆರಲಿಲ್ಲ, ಅಕ್ಕನ ಆಫೀಸಿನ ಪರದೆಯ ಮೇಲೂ ದ್ವೀಪ ಹಸಿರಾಗೇ ಕಂಡಿತು. ಎರಡನೇ ದಾರಿ ಗಟ್ಟಿಮುಟ್ಟಾಗಿದ್ದರೂ ಪೆಟ್ಟಿಗೆ ಅತ್ತ ತಿರುಗಲಿಲ್ಲ. ನಾಲ್ಕು ದಿನ ಹಾಗೇ ಕಳೆಯಿತು. ಆ ನಾಲ್ಕು ದಿನಗಳಲ್ಲಿ, ಬರೀ ಜ್ವರವೆಂದು ಆಸ್ಪತ್ರೆ ಸೇರಿದ್ದ ಅಪ್ಪ ಹೋಗಿಬಿಟ್ಟರು. ತಂಗಿಗೆ ಸುದ್ದಿ ಮುಟ್ಟಿದ್ದು ಐದನೇ ದಿನ, ಕೇಂದ್ರದವರು ಕೇಬಲ್ ಬದಲಿಸಿದ ಮೇಲೆ. ದೀಪ ಹಸಿರಾಗೇ ಇತ್ತಲ್ಲ ಅಕ್ಕ, ಫೋನ್ ಬರಲಿಲ್ಲ ಅಂದ್ರೆ ಎಲ್ಲ ಚೆನ್ನಾಗಿದೆ ಅಂತ ತಿಳ್ಕೊಂಡೆ ಎಂದಳಂತೆ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಅದಾಗಿ ಮೂರು ವರ್ಷ. ದಿನಾ ಬೆಳಿಗ್ಗೆ ಆರೂವರೆಗೆ ತಂಗಿ ತಪ್ಪದೆ ಫೋನ್ ಮಾಡುತ್ತಾಳೆ. ಲೈನ್ ಇದೆ, ಗಾಳಿ ಇಷ್ಟಿದೆ, ಇಡ್ತೀನಿ. ಇಷ್ಟೇ. ಮೊದಲು ಗಂಟೆಗಟ್ಟಲೆ ಹರಟುತ್ತಿದ್ದವಳು, ಯಾರೋ ದೂರದ ಗಿರಾಕಿಯಂತೆ ಮಾತಾಡುತ್ತಾಳೆ. ರಜೆ ಬಂದರೂ ಮನೆಗೆ ಬಂದಿಲ್ಲ. ಅಪ್ಪನ ಮಾತು ಎತ್ತಿಲ್ಲ. ಎತ್ತುವ ಧೈರ್ಯ ಅಕ್ಕನಿಗೂ ಬಂದಿಲ್ಲ. ಆರೂವರೆಯ ಆ ಅರ್ಧ ನಿಮಿಷಕ್ಕಾಗಿ ಐದೂಮುಕ್ಕಾಲಿಗೇ ಆಫೀಸಿಗೆ ಓಡಿಬರುವುದೆಂದರೆ ಎಂಥ ಹಂಬಲವೋ! ಮನೆಯಲ್ಲಿ ಕುಳಿತು ಕಾಯುವುದಕ್ಕಿಂತ ಕೈಯಲ್ಲಿ ಕೇಬಲ್ ಇದ್ದರೆ ಮೇಲು ಎನ್ನುತ್ತಾಳೆ.

ಬಲವಂತ ಬಿಡಿಸುವುದೇನೂ ಹೂ ಎತ್ತಿದಷ್ಟು ಹಗುರವಲ್ಲ. ಬಿಟ್ಟರೆ ಆ ಹಳೇ ರೇಡಿಯೋಗೆ ದೀಪವೇ ಹತ್ತುವುದಿಲ್ಲ, ಹಿಡಿದರೆ ಸುಳ್ಳು ಹಸಿರು. ಚಿಪ್ ಮಾಡಿದವರು ಒಳಗುಟ್ಟಿನ ಕಾಗದ ಕೊಡಲಿಲ್ಲ. ಹಸಿರು ಕಾಣುತ್ತಿದೆಯಲ್ಲ, ಇನ್ನೇನು ಬೇಕು ಎಂದು ಮ್ಯಾನೇಜರ್ ಎರಡು ಸಲ ಈ ಕೆಲಸವನ್ನು ಪಟ್ಟಿಯಿಂದ ಹೊಡೆದುಹಾಕಿದರು. ಪೋರ್ಟಕ್ಕ ಮೂರನೇ ಸಲ ಬರೆದಿಟ್ಟಳು. ಹಳೇ ಸಾಮಾನಿನ ಅಂಗಡಿಯಲ್ಲಿ ಅಂಥದೇ ರೇಡಿಯೋ ಹುಡುಕಿ ತಂದಳು. ಈಗ ಅವಳ ಪ್ರೋಗ್ರಾಮ್ ಸೆಕೆಂಡಿಗೊಮ್ಮೆ ರೇಡಿಯೋವನ್ನು ಮಾತಾಡಿಸುತ್ತದೆ. ಮೂರು ಸಲ ಉತ್ತರ ಬರದಿದ್ದರೆ ದೀಪ ಆರಿಸುತ್ತದೆ.

ಇವತ್ತು ಅದರ ಪರೀಕ್ಷೆ. ಹೊಸ ಪ್ರೋಗ್ರಾಮ್ ನಿನ್ನೆಯೇ ದ್ವೀಪ ಸೇರಿದೆ. ತಂಗಿ ತನ್ನ ಕೈಯಾರೆ ರೇಡಿಯೋ ಕೇಬಲ್ ಕೀಳಬೇಕು. ಪೆಟ್ಟಿಗೆ ಎರಡನೇ ದಾರಿ ಹಿಡಿದರೆ ಗೆದ್ದಂತೆ. ಹಿಡಿಯದೆ ಸಿಕ್ಕಿಕೊಂಡರೆ ಕೇಬಲ್ ವಾಪಸ್ ಹಾಕಿದರೂ ಏಳದಿರಬಹುದು. ಮುಂದಿನ ದೋಣಿಗೆ ಹತ್ತೊಂಬತ್ತು ದಿನ. ಮತ್ತೆ ಅದೇ ಮೌನ, ಅದೂ ಅಕ್ಕನ ಕೈಯಿಂದಲೇ.

ಆರೂವರೆಗೆ ಫೋನ್ ಬರುತ್ತದೆ. ಲೈನ್ ಇದೆ, ಗಾಳಿ ಕಡಿಮೆ, ಕೀಳ್ತಿದೀನಿ ಎಂದು ತಂಗಿ ಹೇಳುತ್ತಿದ್ದಂತೆಯೇ ಮಾತು ಕತ್ತರಿಸುತ್ತದೆ. ಪರದೆಯ ಮೇಲೆ ದ್ವೀಪದ ಹಸಿರು ಚುಕ್ಕಿ ಆರುತ್ತದೆ. ಹತ್ತು ಸೆಕೆಂಡ್, ಇಪ್ಪತ್ತು. ಪೋರ್ಟಕ್ಕ ಸೊಟ್ಟ ಉಗುರನ್ನು ಮೇಜಿನಂಚಿಗೆ ಒತ್ತಿ ಹಿಡಿದಿದ್ದಾಳೆ. ನಲವತ್ತು. ಚುಕ್ಕಿ ಮತ್ತೆ ಮೂಡುತ್ತದೆ, ಈ ಸಲ ಉಪಗ್ರಹದ ಸಾಲಿನಲ್ಲಿ. ಫೋನ್ ರಿಂಗಾಗುತ್ತದೆ.

ಉಪಗ್ರಹದ ಮಾತು ಸ್ವಲ್ಪ ತಡವಾಗಿ ಮುಟ್ಟುತ್ತದೆ.

"ಅಕ್ಕ, ಅಪ್ಪ ನನ್ನ ಕೇಳಿದ್ರಾ?"

ಮೂರು ವರ್ಷ ಕಾದ ಪ್ರಶ್ನೆ. ಪೋರ್ಟಕ್ಕ ಹಣೆಯ ಮೇಲಿನ ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಾಳೆ.

"ಕೇಳಿದ್ರು ಕಣೇ. ಚಿಕ್ಕವಳ ಲೈನ್ ಇದೆಯಾ ಅಂದ್ರು. ಇದೆ ಅಪ್ಪ, ಹಸಿರಿದೆ, ಅವಳೇ ಎತ್ತುತ್ತಿಲ್ಲ ಅಂದೆ. ಕೆಲಸದಲ್ಲಿರ್ತಾಳೆ, ತೊಂದರೆ ಕೊಡಬೇಡ ಅಂದ್ರು."

ಆಮೇಲೆ ತಂಗಿ ಅಳುತ್ತಾಳೆ, ಅಕ್ಕನೂ ಅಳುತ್ತಾಳೆ; ಒಬ್ಬರ ಅಳು ಇನ್ನೊಬ್ಬರಿಗೆ ಅರೆಗಳಿಗೆ ತಡವಾಗಿ ಮುಟ್ಟುತ್ತದೆ. ನಿಧಾನಕ್ಕೆ ಮಾತು ಅಪ್ಪನ ಕನ್ನಡಕದ ಕಡೆ, ಅವರ ಗೊರಕೆಯ ಕಡೆ ಹೊರಳುತ್ತದೆ. ತಂಗಿ ಒಮ್ಮೆ ನಗುತ್ತಾಳೆ ಕೂಡ.

ನಿಮ್ಮ ಆಸೆ ಏನು ಎಂದು ಈ ಬರಹಕ್ಕಾಗಿ ಹಿಂದಿನ ದಿನ ನಾನು ಕೇಳಿದ್ದಾಗ ಪೋರ್ಟಕ್ಕ ಹೆಚ್ಚೇನೂ ಹೇಳಿರಲಿಲ್ಲ. ಅವಳು ಒಂದು ಸಲ ಮನೆಗೆ ಬರಲಿ, ಬರದಿದ್ರೂ ಮೊದಲಿನ ಹಾಗೆ ಹರಟಲಿ ಎಂದಿದ್ದಳು ಅಷ್ಟೆ.

ಎರಡನೇ ದಾರಿಯನ್ನು ಮೂರು ನಿಮಿಷ ನೋಡಬೇಕು ಎಂದು ಪರೀಕ್ಷೆಯ ಹಾಳೆಯಲ್ಲಿದೆ. ಗಡಿಯಾರದಲ್ಲಿ ಹನ್ನೊಂದು ನಿಮಿಷ ಕಳೆದಿದೆ.

"ಕೇಬಲ್ ವಾಪಸ್ ಹಾಕ್ಲಾ ಅಕ್ಕ? ಪರೀಕ್ಷೆ ಆಯ್ತಾ?"

ಸುಳ್ಳು ಹಸಿರನ್ನು ಕಂಡರಾಗದ ಪೋರ್ಟಕ್ಕ ಹಾಳೆಯನ್ನು ಮೆಲ್ಲಗೆ ಮಗುಚಿ ಇಡುತ್ತಾಳೆ.

"ಇನ್ನೂ ಇಲ್ಲ" ಎನ್ನುತ್ತಾಳೆ. "ನೀನು ಮಾತಾಡ್ತಾ ಇರು."