ಅಳಿವೆ ಬಾಯ್ಸ್‌ನ ಎರಡನೇ ಕೀಪರ್

ಎರಡನೇ ಗೋಲ್ ಕೀಪರ್ ಎಂದರೆ ಮದುವೆ ಮನೆಯ ಹೆಚ್ಚುವರಿ ಕುರ್ಚಿಯ ಹಾಗೆ. ಜನ ತುಂಬಿ ಹೋದಾಗ ಮಾತ್ರ ಅದರ ನೆನಪಾಗುತ್ತದೆ. ಬೆಂಗ್ರೆಯ ಅಳಿವೆ ಬಾಯ್ಸ್ ಫುಟ್ಬಾಲ್ ತಂಡದಲ್ಲಿ ಸಮದ್ ಹದಿನಾರು ವರ್ಷ ಹಾಗೆ ಕುಳಿತಿದ್ದ. ಬೆಳಗಿನ ಜಾವ ಹೊಳೆ ದಾಟಿ ಮೀನುಗಾರಿಕೆ ಬಂದರಿನ ಧಕ್ಕೆಗೆ ಹೋಗಿ ಮೀನಿನ ಪೆಟ್ಟಿಗೆಗಳಿಗೆ ಐಸ್ ತುಂಬುವುದು, ಸಂಜೆ ದೋಣಿಯಲ್ಲಿ ಮರಳಿ ಬಂದು ಮರಳಿನ ಮೈದಾನದಲ್ಲಿ ಬಿದ್ದು ಏಳುವುದು. ಆಡಿದ ಪಂದ್ಯಗಳು ಕೈಬೆರಳಲ್ಲಿ ಎಣಿಸುವಷ್ಟು. ಆದರೂ ಯಾರಾದರೂ 'ನೀವು ಎಂತ ಮಾಡುವುದು' ಎಂದು ಕೇಳಿದರೆ ಐಸಿನ ಕೆಲಸ ಹೇಳುವ ಮೊದಲು 'ಕೀಪರ್' ಎನ್ನುತ್ತಿದ್ದ.

ಆ ವರ್ಷ ತಂಡ ಸೋತು ಸುಣ್ಣವಾಗಿತ್ತು. ಏಳು ಪಂದ್ಯಗಳಲ್ಲಿ ಐದು ಸೋಲು. ಎಂಟನೆಯದರಲ್ಲಿ ಮೊದಲ ಕೀಪರ್ ಫಾಝಿಲ್, ಇಪ್ಪತ್ತೆರಡರ ಚುರುಕಿನ ಹುಡುಗ, ಭುಜ ಉಳುಕಿಸಿಕೊಂಡು ಹೊರಗೆ ಬಂದ. ಅವನ ಕೈಯಿಂದ ಬಿಚ್ಚಿದ ಗ್ಲೌಸನ್ನೇ ತೊಟ್ಟುಕೊಂಡು ಸಮದ್ ಒಳಗೆ ಹೋದ. ತಂಡದಲ್ಲಿದ್ದದ್ದು ಒಂದೇ ಜೊತೆ. ಪಂದ್ಯ ಮುಗಿಯಲು ಐದು ನಿಮಿಷ ಇರುವಾಗ ಚಿಕ್ಕ ಮಗುವೂ ಹಿಡಿಯಬಹುದಾದ ಒಂದು ಬಾಲ್ ಉರುಳಿಕೊಂಡು ಬಂತು. ಸಮದ್ ಬಗ್ಗಿ ಎತ್ತಿಕೊಂಡ, ಎದುರಿಗಿದ್ದವನಿಗೆ ಎಸೆಯಲು ಕಣ್ಣು ಎತ್ತಿದ. ಎಲ್ಲರೂ ತನ್ನ ಹಿಂದೆ ನೋಡುತ್ತಿದ್ದಾರೆ. ತಿರುಗಿದರೆ ಬಾಲ್ ಬಲೆಯಲ್ಲಿ. ಅದು ಕೈಬಿಟ್ಟದ್ದು ಅವನಿಗೆ ಗೊತ್ತೇ ಆಗಿರಲಿಲ್ಲ.

ಉಳಿದವರಿಗೆ ಅದು ಪಂದ್ಯ ಸೋತ ದುಃಖ. ಸಮದ್‌ಗೆ ಬೇರೆಯೇ ಒಂದು ಹೆದರಿಕೆ.

ಎಡಗೈಯ ಕಿರುಬೆರಳಿಗೂ ಅದರ ಪಕ್ಕದ ಬೆರಳಿಗೂ ಒಂದೂವರೆ ವರ್ಷದಿಂದ ಜೋಮು. ಐಸಿನಿಂದ ಎಂದುಕೊಂಡಿದ್ದ. ಧಕ್ಕೆಯಲ್ಲಿ ಯಾರ ಬೆರಳು ಜೋಮು ಹಿಡಿಯುವುದಿಲ್ಲ? ಆದರೆ ಮಳೆಗಾಲದಲ್ಲಿ ದೋಣಿಗಳು ಕಡಲಿಗೆ ಇಳಿಯದೆ ಎರಡು ತಿಂಗಳು ಐಸನ್ನೇ ಮುಟ್ಟದಿದ್ದಾಗಲೂ ಜೋಮು ಹೋಗಲಿಲ್ಲ. ಒಮ್ಮೆ ಚಹಾದ ಪಾತ್ರೆ ತಗುಲಿ ಬೆರಳು ಬೊಬ್ಬೆ ಎದ್ದದ್ದನ್ನು ಅವನು ಕಣ್ಣಲ್ಲಿ ನೋಡಿ ತಿಳಿದುಕೊಂಡ. ಮೊಣಕೈಯ ಹಿಂದೆ ಒಂದು ಬಿಳಿಚಿದ ಮಚ್ಚೆಯೂ ಇತ್ತು. ದೋಣಿ ಹತ್ತುವಲ್ಲಿ ಗೋಡೆಗೆ ಆರೋಗ್ಯ ಇಲಾಖೆಯ ಒಂದು ಪೋಸ್ಟರ್ ಅಂಟಿಸಿದ್ದರು: ಸ್ಪರ್ಶಜ್ಞಾನವಿಲ್ಲದ ಮಚ್ಚೆ ಇದೆಯೇ? ಸಮದ್ ದಿನಾ ಅದರ ಎದುರು ಬಂದಾಗ ಹೊಳೆಯ ಕಡೆ ಮುಖ ತಿರುಗಿಸುತ್ತಿದ್ದ. ಅವನು ಸಣ್ಣವನಿದ್ದಾಗ ಬಂದರಿನ ಹೋಟೆಲಿನ ಹಿಂದೆ ಒಬ್ಬ ಮುದುಕ ಕೂರುತ್ತಿದ್ದ, ಬೆರಳು ಸವೆದವ. ಅವನ ತೆಂಗಿನ ಗೆರಟೆಗೆ ಚಹಾವನ್ನು ಮೇಲಿನಿಂದ ಹೊಯ್ಯುತ್ತಿದ್ದರು. ಆ ರೋಗದ ಹೆಸರನ್ನು ಸಮದ್ ಮನಸ್ಸಿನೊಳಗೂ ಪೂರ್ತಿ ಹೇಳಿಕೊಂಡಿರಲಿಲ್ಲ.

ಡಾಕ್ಟರಲ್ಲಿಗೆ ಹೋಗಲು ಈ ಮನುಷ್ಯನಿಗೆ ಬುದ್ಧಿ ಇರಲಿಲ್ಲವೇ ಎಂದು ನೀವು ಕೇಳಬಹುದು. ಬುದ್ಧಿ ಇತ್ತು. ಹೆದರಿಕೆ ಅದಕ್ಕಿಂತ ದೊಡ್ಡದಿತ್ತು.

ಆ ಸೋಲಿನ ರಾತ್ರಿಯೇ ಅವನಿಗೆ ಗ್ಲೌಸಿನ ಯೋಚನೆ ಬಂದದ್ದು. ಮೂರು ವರ್ಷದಿಂದ ತಾನು ಬೆವರಿ ಬಿಚ್ಚಿದ್ದನ್ನು ಫಾಝಿಲ್ ತೊಡುತ್ತಿದ್ದಾನೆ. ನನ್ನ ಬೆರಳಿಗೆ ಬಂದದ್ದು ಆ ಹುಡುಗನ ಬೆರಳಿಗೂ ಹೋಗಿದ್ದರೆ? ಮರುದಿನದಿಂದ ಫಾಝಿಲ್ ಸಿಕ್ಕಲ್ಲೆಲ್ಲ "ಬೆರಳು ಸರಿ ಉಂಟಲ್ಲ?" ಎಂದು ಕೇಳತೊಡಗಿದ. "ನೋವು ಭುಜಕ್ಕೆ, ಸಮದ್ ಕಾಕ" ಎಂದು ಹುಡುಗ ನಗುತ್ತಿದ್ದ.

ಇತ್ತ ತಂಡದ ಸೆಕ್ರೆಟರಿ ಅರಾಫತ್ ಹೊಸ ಎರಡನೇ ಕೀಪರನನ್ನು ಹುಡುಕಲು ಹೊರಟ. ಸಮದ್‌ನ ಜೊತೆಗೇ ಆಡಿ ಬೆಳೆದವನು, ಆದರೂ ಮುಖಕ್ಕೇ ಹೇಳಿದ: "ಬೇಜಾರು ಮಾಡಬೇಡ ಮಾರಾಯ. ಇನ್ನೆರಡು ಸೋತ್ರೆ ನಾವು ಕೆಳಗಿನ ಡಿವಿಷನ್‌ಗೆ." ಕಾಟಿಪಳ್ಳದ ಒಬ್ಬ ಒಳ್ಳೆಯ ಕೀಪರ್ ಇದ್ದ. ಅವನು ಒಂದು ಪಂದ್ಯಕ್ಕೆ ಕೇಳಿದ ಹಣದಲ್ಲಿ ತಂಡದ ಇಡೀ ತಿಂಗಳು ಕಳೆಯುತ್ತಿತ್ತು. ಕೊನೆಗೆ ಬೆಂಗ್ರೆಯ ಇನ್ನೊಂದು ತುದಿಯ ಮೊಗವೀರರ ಹುಡುಗ ಯತಿನ್ ಒಪ್ಪಿದ. ಹಗಲು ಹೊಳೆಯಾಚೆಯ ಪೇಟೆ ಹಂಪನಕಟ್ಟೆಯ ಮೊಬೈಲ್ ಅಂಗಡಿಯಲ್ಲಿ ಕೆಲಸ, ಸಂಜೆ ಆಟ. "ನನಗೆ ದುಡ್ಡು ಬೇಡ. ಗ್ಲೌಸ್ ಮಾತ್ರ ನೀವೇ ಕೊಡಬೇಕು" ಎಂದ.

ಗ್ಲೌಸ್ ತೊಳೆದು ತರುತ್ತೇನೆಂದು ಮನೆಗೆ ಕೊಂಡುಹೋಗಿದ್ದ ಸಮದ್ ಅದನ್ನು ಮರಳಿ ಕೊಟ್ಟಿರಲಿಲ್ಲ. ಮೊದಲು ಒಣಗಿಲ್ಲ ಎಂದ. ಆಮೇಲೆ ದೋಣಿಯಲ್ಲಿ ಬಿಟ್ಟೆ ಎಂದ. ನಿಜವಾಗಿ ಅದನ್ನು ಹೊಳೆಗೆ ಎಸೆಯಲು ಎರಡು ಸಲ ಹೋಗಿದ್ದ. ಆದರೆ ಹೊಳೆ ಕಡಲು ಸೇರುವ ಈ ಅಳಿವೆಗೆ ಎಸೆದದ್ದು ಮರುದಿನ ದಡಕ್ಕೆ ಬರುತ್ತದೆ, ಬಲೆ ಸರಿ ಮಾಡುವ ಯಾರಾದರೂ ಎತ್ತಿ ತೊಟ್ಟುಕೊಂಡರೆ? ಸುಟ್ಟರೆ ರಬ್ಬರಿನ ವಾಸನೆಗೆ ಅಕ್ಕಪಕ್ಕದವರು ಬಂದು ಕೇಳುತ್ತಾರೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಪಾಟಿನ ಮೇಲೆ ಇಟ್ಟ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ತಂಡದ ಗ್ರೂಪಿನಲ್ಲಿ ಯಾರೋ 'ಗ್ಲೌಸ್ ಕಳ್ಳ' ಎಂದು ಬರೆದರು, ಕೆಳಗೆ ನಗುವ ಮುಖಗಳ ಸಾಲು. ಅರಾಫತ್ ಧಕ್ಕೆಗೇ ಬಂದು ನಿಂತ. "ನಿನ್ನ ಜಾಗ ಹೋದ ಸಿಟ್ಟು ಗ್ಲೌಸಿನ ಮೇಲೆ ತೀರಿಸ್ತೀಯಾ? ನೀನು ಇಷ್ಟು ಸಣ್ಣವ ಅಂತ ಗೊತ್ತಿರ್ಲಿಲ್ಲ."

ಸಮದ್ ಐಸ್ ತುಂಬುತ್ತಲೇ ಇದ್ದ. ಸಣ್ಣವ ಅನ್ನಿಸಿಕೊಳ್ಳಬಹುದು. ನಿಜ ಹೇಳಿದರೆ ಈ ಕೈ ಮುಟ್ಟಿದ ಮೀನನ್ನು ಯಾರು ತೆಗೆದುಕೊಂಡಾರು, ಧಕ್ಕೆಯಲ್ಲಿ ಯಾರು ಕೆಲಸ ಕೊಟ್ಟಾರು, ಮನೆಯಲ್ಲಿ ಯಾರು ಪಕ್ಕದಲ್ಲಿ ಕುಳಿತಾರು?

ಶನಿವಾರ ಸಂಜೆ ಸಮದ್ ದಿನಸಿ ಅಂಗಡಿಯಿಂದ ಮನೆಗೆ ಬಂದಾಗ ಜಗಲಿಯಲ್ಲಿ ಫಾಝಿಲ್ ಮತ್ತು ಯತಿನ್ ನಿಂತಿದ್ದರು. ಕಳ್ಳನ ಹೆಂಡತಿ ಎನ್ನಿಸಿಕೊಂಡು ಸಾಕಾಗಿದ್ದ ಮೈಮೂನಾ ಕಪಾಟಿನ ಮೇಲಿನ ಚೀಲ ಬಿಚ್ಚಿ ಅವರಿಗೆ ಕೊಟ್ಟಾಗಿತ್ತು. ಯತಿನ್ ಒಂದು ಕೈಗೆ ತೊಟ್ಟು ಮುಷ್ಟಿ ಬಿಗಿದು ನೋಡುತ್ತಿದ್ದ.

"ಸರಿ ಆಗ್ತದೆ, ಸಮದಣ್ಣ" ಎಂದ.

ಸಮದ್ ಕೈಯಲ್ಲಿದ್ದ ಸಾಮಾನು ನೆಲಕ್ಕೆ ಹಾಕಿ ಆ ಗ್ಲೌಸನ್ನು ಎಳೆದು ಬಿಚ್ಚಿದ. ಯತಿನ್ ಬೆದರಿ ಹಿಂದೆ ಸರಿದ.

"ಎಂತ ಇದು ನಿಮ್ಮದು?" ಮೈಮೂನಾ ಬೈದಳು. "ಕೊಟ್ಟು ಬಿಡಿ. ನಮಗೆ ಮಾನ ಉಂಟು."

"ನನ್ನ ಕೈಗೆ ಆ ರೋಗ ಬಂದಿದೆ." ಸಮದ್‌ನ ಧ್ವನಿ ಅವನಿಗೇ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಿದ. "ಕುಷ್ಠ. ಈ ಎರಡು ಬೆರಳಿಗೆ ಮುಟ್ಟಿದ್ದು ಗೊತ್ತಾಗುವುದಿಲ್ಲ. ಯತಿನ್, ಹೋಗಿ ಕೈ ತೊಳೆ. ಫಾಝಿಲ್, ನಿನಗೆ ನಾನು ಎಂತ ಮಾಡಿ ಹಾಕಿದ್ದೇನೋ ಗೊತ್ತಿಲ್ಲ."

ಯತಿನ್ ನಲ್ಲಿಯ ಕಡೆ ನಡೆದ. ಫಾಝಿಲ್ ತನ್ನ ಎರಡೂ ಅಂಗೈಗಳನ್ನು ಮೇಲೆ ಮಾಡಿ ನೋಡಿಕೊಂಡ. ಮೈಮೂನಾ ನೆಲದಲ್ಲಿ ಬಿದ್ದಿದ್ದ ಈರುಳ್ಳಿಗಳನ್ನು ಒಂದೊಂದಾಗಿ ಹೆಕ್ಕಿ ಒಳಗಿಟ್ಟು ಬಂದು, "ಸೋಮವಾರ ಡಾಕ್ಟರಲ್ಲಿಗೆ. ನಾನೂ ಬರ್ತೇನೆ" ಎಂದಳು.

ಭಾನುವಾರದ ಪಂದ್ಯದಲ್ಲಿ ಯತಿನ್ ಬರಿಗೈಯಲ್ಲಿ ನಿಂತು ಡ್ರಾ ಮಾಡಿಸಿದ ಎಂದು ಸಮದ್‌ಗೆ ಯಾರೋ ಹೇಳಿದರು. ಅವನ ಮನಸ್ಸಿಗೆ ಅದು ಇಳಿಯಲಿಲ್ಲ.

ಸೋಮವಾರ ದೋಣಿಯಲ್ಲಿ ನಾಲ್ವರು ಹೋದರು: ಸಮದ್, ಮೈಮೂನಾ, ಫಾಝಿಲ್, ಮತ್ತು ಫಾಝಿಲ್‌ನಿಂದ ವಿಷಯ ತಿಳಿದು ಇಡೀ ದಾರಿ ತಲೆ ತಗ್ಗಿಸಿ ಕುಳಿತಿದ್ದ ಅರಾಫತ್. ಸರಕಾರಿ ಆರೋಗ್ಯ ಕೇಂದ್ರದ ವೈದ್ಯೆ ಸಮದ್‌ನ ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಮುಟ್ಟಿ, ಮೊಣಕೈಯ ನರ ಒತ್ತಿ ನೋಡಿದರು. ಹೌದು, ಅದೇ ಎಂದರು. ಒಂದು ವರ್ಷ ಮಾತ್ರೆ, ಪುಕ್ಕಟೆ, ಗುಣವಾಗುತ್ತದೆ. ಬೆರಳಿನ ಜೋಮು ಎಷ್ಟು ಹೋಗುತ್ತದೆಂದು ಈಗ ಹೇಳಲಾಗದು.

"ಗ್ಲೌಸಿನಿಂದ?" ಸಮದ್ ಕೇಳಿದ.

"ಗ್ಲೌಸಿನಿಂದೆಲ್ಲ ಹರಡುವುದಿಲ್ಲ ಇದು. ತೊಳೆದು ಯಾರು ಬೇಕಾದರೂ ಹಾಕಬಹುದು."

ಅವರು ಫಾಝಿಲ್‌ನ ಕೈಯನ್ನೂ ನೋಡಿದರು. ಏನೂ ಇರಲಿಲ್ಲ. ಅರಾಫತ್ ಗೋಡೆಗೆ ಒರಗಿ ಜೋರಾಗಿ ಉಸಿರು ಬಿಟ್ಟ. ಗ್ಲೌಸ್ ಯತಿನ್‌ಗೆ ಹೋಗುತ್ತದೆ, ಎರಡನೇ ಕೀಪರನ ಜಾಗವೂ. ಸಮದ್‌ಗೆ ಅದರಲ್ಲಿ ಸಮಾಧಾನವೇ ಆಯಿತು. ಅಷ್ಟರಲ್ಲಿ ವೈದ್ಯೆ ಮೈಮೂನಾಳ ಕಡೆ ತಿರುಗಿದರು.

"ಇದು ಬರುವುದಾದರೆ ಒಂದೇ ಮನೆಯಲ್ಲಿ ವರ್ಷಗಟ್ಟಲೆ ಜೊತೆಯಲ್ಲಿ ಇದ್ದವರಿಗೆ. ನೀವು ಕೂತುಕೊಳ್ಳಿ."

ಇಷ್ಟು ದಿನ ಸಮದ್ ಗ್ಲೌಸಿಗೆ ಹೆದರಿದ್ದ, ಫಾಝಿಲ್‌ಗಾಗಿ ಹೆದರಿದ್ದ, ಧಕ್ಕೆಯವರಿಗೆ ಹೆದರಿದ್ದ. ದಿನಾ ಪಕ್ಕದಲ್ಲಿ ಮಲಗುವವಳಿಗೂ ಹತ್ತಿರಬಹುದೆಂಬ ಯೋಚನೆ ಒಮ್ಮೆಯೂ ಬಂದಿರಲಿಲ್ಲ. ಅವನು ಬೆಂಚಿನ ಮೇಲೆ ಅವಳ ಪಕ್ಕ ಕುಳಿತು ಅವಳ ಬಲಗೈ ಹಿಡಿದುಕೊಂಡ. ವೈದ್ಯೆ ಎಡಗೈಯಿಂದ ಶುರು ಮಾಡಿದರು.

"ಕಣ್ಣು ಮುಚ್ಚಿ. ಮುಟ್ಟಿದಾಗ ಹೇಳಿ."

ಹೆಬ್ಬೆರಳು. "ಹ್ಞೂಂ." ನಡುಬೆರಳು. "ಹ್ಞೂಂ." ಅಂಗೈ. "ಹ್ಞೂಂ."

ಕಿರುಬೆರಳಿಗೆ ಹತ್ತಿ ತಾಗಿತು. ಮೈಮೂನಾ ಮಾತಾಡಲಿಲ್ಲ. ಅವಳ ಹುಬ್ಬು ಗಂಟಿಕ್ಕಿತು. ವೈದ್ಯೆ ಇನ್ನೊಮ್ಮೆ ಮುಟ್ಟಿದರು. ಸಮದ್ ಅವಳ ತುಟಿಯನ್ನೇ ನೋಡುತ್ತಿದ್ದ.

"ಗೊತ್ತಾಗ್ತದೆ ಡಾಕ್ಟ್ರೇ, ಎರಡು ಸಲ ಮುಟ್ಟಿದ್ದೂ ಗೊತ್ತಾಯ್ತು" ಎಂದಳು ಅವಳು ಕಣ್ಣು ಮುಚ್ಚಿಕೊಂಡೇ. "ಇವರಿಗೆ ಸ್ವಲ್ಪ ಹೇಳಿ, ನನ್ನ ಈಚೆ ಕೈ ಹಿಂಡಿ ಹಾಕ್ತಿದ್ದಾರೆ. ನೋವಾಗ್ತದೆ."

ಸಮದ್ ಕೆಳಗೆ ನೋಡಿದ. ಅವನ ಎಡಗೈ ಅವಳ ಬೆರಳುಗಳನ್ನು ಬಿಳಿಚುವಷ್ಟು ಬಿಗಿಯಾಗಿ ಹಿಡಿದಿತ್ತು. ಅವನು ಕಣ್ಣಲ್ಲಿ ನೋಡುತ್ತಾ, ಒಂದೊಂದೇ ಬೆರಳನ್ನು ಸಡಿಲಿಸಿದ.