ಎಂಟುನೂರು ಯೋಧರ ಹಿಂದೆ ಓಡುವಾಕೆ

ಇನ್ನೂ ಮುಖ ಕಾಣದಷ್ಟು ಮಬ್ಬು. ಸೇನಾ ಶಿಬಿರದ ಮೈದಾನದಲ್ಲಿ ಯೋಧರ ಓಟದ ಸಾಲು ದಡದಡನೆ ಸಾಗುತ್ತಿದೆ. ಎಲ್ಲರಿಗಿಂತ ಹಿಂದೆ, ಏದುಸಿರು ಬಿಡುತ್ತಾ, ನಲವತ್ತೇಳರ ಹೆಂಗಸೊಬ್ಬರು ಓಡುತ್ತಿದ್ದಾರೆ. ಎಂಟುನೂರು ಜನರಿರುವ ಈ ಶಿಬಿರಕ್ಕೆ ಇವರೊಬ್ಬರೇ ಆಪ್ತಸಮಾಲೋಚಕಿ. ಪಕ್ಕದಲ್ಲಿ ಕಾಲೆಳೆಯುತ್ತಾ ಬರುತ್ತಿರುವ ಕಾವಲು ಯೋಧನ ಮಾತಿಗೆ ಕಿವಿಗೊಟ್ಟಿದ್ದಾರೆ.

“ನಿದ್ದೆ ಚೆನ್ನಾಗಿ ಬರ್ತಿದೆ ಮೇಡಂ. ಬಂದೂಕು ವಾಪಸ್ ಕೊಡಿಸಿಬಿಡಿ.”

ನಿದ್ದೆಯಿಲ್ಲದೆ ಕಂಗೆಟ್ಟಿದ್ದಾನೆಂದು ಎರಡು ವಾರದಿಂದ ಅವನ ಕೈಗೆ ಬಂದೂಕು ಕೊಟ್ಟಿಲ್ಲ. ಅದನ್ನು ಮರಳಿ ಕೊಡಬಹುದೇ ಎಂದು ಇವರು ಇಂದು ಒಂಬತ್ತಕ್ಕೆ ಬರೆದುಕೊಡಬೇಕು.

“ಕೈಲಿ ವಾಚ್ ಎಲ್ಲಪ್ಪಾ?”

“ರೂಮಿನವನಿಗೆ ಕೊಟ್ಬಿಟ್ಟೆ. ಇನ್ನು ನಂಗ್ಯಾಕೆ?”

ಸಾಯಲು ಮನಸ್ಸು ಮಾಡಿದವರು ತಮ್ಮದನ್ನೆಲ್ಲ ಹೀಗೆ ಹಂಚಿಬಿಡುವುದನ್ನು ಇವರು ಕಂಡಿದ್ದಾರೆ. ಕಾಲು ಮಾತ್ರ ನಿಲ್ಲುವುದಿಲ್ಲ.

ಇಪ್ಪತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದವರು ಸೇನೆ ಸೇರಿದ್ದು ಕಳೆದ ವರ್ಷ. “ಈ ವಯಸ್ಸಲ್ಲಿ ಎಲ್ಲರೂ ಮಂಡಿಗೆ ಎಣ್ಣೆ ಹಚ್ಕೋತಾರೆ, ನೀನು ಬೂಟಿಗೆ ಪಾಲಿಶ್ ಹಚ್ತೀನಿ ಅಂತೀಯಲ್ಲಮ್ಮ!” ಎಂದು ಮಗಳು ಛೇಡಿಸಿದ್ದಳು. “ಹೋಗ್ಲಿ ಬಿಡೇ, ನಮ್ಮ ತಲೆ ತಿನ್ನೋದಾದ್ರೂ ತಪ್ಪುತ್ತೆ,” ಎಂದಿದ್ದರು ಅತ್ತೆ, ಸೆರಗಲ್ಲಿ ಕಣ್ಣೊರೆಸಿಕೊಳ್ಳುತ್ತಾ.

“ಸೇನೆಯಿಂದ ನಿವೃತ್ತಿ ಆದೋರು ಆಸ್ಪತ್ರೆಗೆ ಬರೋ ಹೊತ್ತಿಗೆ ಹತ್ತು ವರ್ಷ ತಡ ಆಗಿರ್ತಿತ್ತು. ಅವರು ಬರೋ ತನಕ ಯಾಕೆ ಕಾಯ್ಬೇಕು, ನಾನೇ ಹೋಗೋಣ ಅನ್ಸ್ತು,” ಎನ್ನುತ್ತಾರೆ ಇವರು.

ಬಂದ ಮೊದಲ ತಿಂಗಳಲ್ಲೇ ಎಡವಿದರು. ಆಸ್ಪತ್ರೆಯ ರೂಢಿಯಂತೆ ಯೋಧನೊಬ್ಬನ ಕಡತದಲ್ಲಿ ‘ವಿಶ್ರಾಂತಿ ಬೇಕು’ ಎಂದು ಗೀಚಿದರು. ಅಲ್ಲಿ ಆ ಎರಡು ಪದಕ್ಕೆ ರಜೆ ಸಿಗುತ್ತಿತ್ತು. ಇಲ್ಲಿ ಎಲ್ಲರೆದುರೇ ಬಂದೂಕು ಕಸಿದು, ಅವನನ್ನು ಆಲೂಗಡ್ಡೆ ಸುಲಿಯಲು ಅಡುಗೆಮನೆಗೆ ಅಟ್ಟಿದರು. ಆಮೇಲೆ ಇಪ್ಪತ್ತಮೂರು ದಿನ ಇವರ ಕೋಣೆಯತ್ತ ಒಂದು ನರಪಿಳ್ಳೆಯೂ ಸುಳಿಯಲಿಲ್ಲ. ಅಂದಿನಿಂದ ಇವರೇ ಓಡತೊಡಗಿದರು. ಮನಸ್ಸು ಭಾರವಾದವರು ಹಿಂದೆ ಬೀಳುತ್ತಾರೆ, ಹಿಂದೆ ಇವರಿರುತ್ತಾರೆ. ದಿನಕ್ಕೆ ನಾಲ್ಕು ಕಿಲೋಮೀಟರು, ಐದಾರು ಜನರ ಮಾತು. ಕತೆಯ ರಾಕ್ಷಸನ ಜೀವ ಏಳು ಸಮುದ್ರದಾಚೆಯ ಗಿಳಿಯಲ್ಲಿ ಅಡಗಿರುತ್ತದಂತೆ. ಇಲ್ಲಿ ಯಾರ ಜೀವ ಎಲ್ಲಿ ಅಡಗಿದೆಯೆಂದು ಇವರು ಓಡುತ್ತಲೇ ಹುಡುಕಬೇಕು.

ಒಂಬತ್ತಾಗುತ್ತದೆ. ಮೇಜಿನ ಮೇಲೆ ಕಡತ, ಎದುರಿಗೆ ದಳದ ಅಧಿಕಾರಿ. “ಏನ್ ಮೇಡಂ, ಸಹಿ ಹಾಕೋಕೆ ಇಷ್ಟು ಹೊತ್ತಾ?”

ಕೊಡಬೇಡಿ ಎಂದರೆ ಇಡೀ ಶಿಬಿರ ಮತ್ತೆ ಬಾಯಿಗೆ ಬೀಗ ಹಾಕಿಕೊಂಡೀತು. ಕೊಡಿ ಎಂದರೆ? ಇವರು ಕಡತ ಮುಚ್ಚುತ್ತಾರೆ.

“ಬಂದೂಕು ಬೇಡ ಸಾರ್. ಇವತ್ತೇ ದೊಡ್ಡಾಸ್ಪತ್ರೆಗೆ ಕಳಿಸ್ಬೇಕು, ಜೊತೇಲಿ ನಾನೂ ಹೋಗ್ತೀನಿ. ಅಲ್ಲೀವರೆಗೂ ಅವನನ್ನ ಒಬ್ಬನ್ನೇ ಬಿಡೋ ಹಾಗಿಲ್ಲ.”

ಸುದ್ದಿಯನ್ನು ಬೇರೆಯವರ ಬಾಯಲ್ಲಿ ಕೇಳಬಾರದೆಂದು ಅವನಿಗೆ ಇವರೇ ಹೋಗಿ ಹೇಳುತ್ತಾರೆ. “ನಿಮ್ಮನ್ನ ನಂಬಿದ್ದೆ,” ಎಂದು ಅವನು ಮುಖ ತಿರುಗಿಸುತ್ತಾನೆ. ಜೀಪಿನಲ್ಲಿ ದಾರಿಯುದ್ದಕ್ಕೂ ಇವರತ್ತ ಬೆನ್ನು ಹಾಕಿಯೇ ಕೂರುತ್ತಾನೆ.

ಅವನನ್ನು ವಾರ್ಡಿಗೆ ಸೇರಿಸಿ ಹೊರಬಂದ ಇವರು ಒಂದು ಲೋಟ ನೀರು ಹಿಡಿದು ಕೂರುತ್ತಾರೆ. ಅವನು ಇನ್ನೆಂದಾದರೂ ನಿಮ್ಮನ್ನು ಮಾತಾಡಿಸುವನೇ ಎಂದು ಕೇಳಿದರೆ ಲೋಟ ಕೆಳಗಿಡುತ್ತಾರೆ.

“ಮಾತಾಡ್ಸದಿದ್ರೆ ಬೇಡ. ನಲವತ್ತು ವರ್ಷ ನನ್ನ ಮೇಲೆ ಸಿಟ್ಟಾಗೇ ಇರ್ಲಿ. ಅಷ್ಟು ವರ್ಷ ಬದುಕಿರ್ಲಿ, ನಂಗಷ್ಟು ಸಾಕು.”