ಚೆಂಡು ನಿಲ್ಲಿಸುತ್ತಿದ್ದ ನಮ್ಮ ಭಾವ

"ಚೆಂಡು ನಿಲ್ಲಿಸೋಕೆ ಯಾರಾದ್ರೂ ಆಗ್ತಾರೆ, ಬಿಡಪ್ಪ" ಎಂದು ನಮ್ಮ ಹಾಕಿ ಕ್ಲಬ್ಬಿನ ಅಧ್ಯಕ್ಷರು ಕಾಲ ಮೇಲೆ ಕಾಲು ಹಾಕಿಕೊಂಡು ಹೇಳಿದರಲ್ಲ, ಆ ಮಾತಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಇಳಿಯುವುದೂ ಇಲ್ಲ. ಈಗಲೂ ಅವರು ಎದುರಿಗೆ ಬಂದರೆ ನಾನು ರಸ್ತೆಯ ಆಚೆ ಬದಿಗೆ ಹೋಗುತ್ತೇನೆ. ಅವರಿಗೆ ಹೆದರಿ ಅಲ್ಲ, ನನ್ನ ನಾಲಿಗೆಗೆ ಹೆದರಿ.

ಅವರು ಹೇಳಿದ್ದು ನಮ್ಮ ಭಾವನ ಬಗ್ಗೆ. ಭಾವ ಎಂದರೆ ನನ್ನ ಹೆಂಡತಿಯ ಅಣ್ಣ. ಗಾಜಿನ ಅಂಗಡಿಯಲ್ಲಿ ಕೆಲಸ. ಗಾಜು ಕೊಯ್ಯುವುದು, ಹೊತ್ತುಕೊಂಡು ಹೋಗಿ ಕಿಟಕಿಗೆ ಕೂರಿಸುವುದು. ನಾನು ವೆಲ್ಡಿಂಗ್ ಶೆಡ್ಡಿನವನು, ಕಿಟಕಿಗೆ ಗ್ರಿಲ್ ಮಾಡುತ್ತೇನೆ. ನನ್ನ ಮದುವೆಗೆ ಮುಂಚೆಯೇ, ಕಟ್ಟುತ್ತಿದ್ದ ಮನೆಗಳಲ್ಲಿ ನಾವಿಬ್ಬರೂ ಒಂದೇ ಕಿಟಕಿಯ ಮುಂದೆ ಸೇರುತ್ತಿದ್ದೆವು. ನಾನು ಗ್ರಿಲ್ ಬಡಿದು ಕೂರಿಸುವಾಗ ಅವನು ಗಾಜನ್ನು ಎದೆಗೆ ಆನಿಸಿಕೊಂಡು ಮೂಲೆಯಲ್ಲಿ ನಿಂತಿರುತ್ತಿದ್ದ. "ಮುಗೀತಾ ನಿನ್ನ ಯುದ್ಧ?" ಎಂದು ಕೇಳಿ ಆಮೇಲೆ ಹತ್ತಿರ ಬರುತ್ತಿದ್ದ. ಇಷ್ಟು ಸಿಡುಕನಿಗೆ ತಂಗಿಯನ್ನು ಯಾಕೆ ಕೊಟ್ಟೆ ಎಂದು ಯಾರೋ ಕೇಳಿದ್ದಕ್ಕೆ, "ಅವನ ಕಿಟಕಿ ಒಂದೂ ಸೊಟ್ಟ ಇರಲ್ಲ" ಎಂದಿದ್ದನಂತೆ. ವಯಸ್ಸಿನಲ್ಲಿ ನನಗಿಂತ ದೊಡ್ಡವನು. ಆದರೂ ಮೈದಾನದಲ್ಲಿ ಏಕವಚನ ಅಭ್ಯಾಸವಾಗಿ ಮನೆಯಲ್ಲೂ ಅದೇ ಉಳಿಯಿತು.

ಕ್ಲಬ್ಬಿನಲ್ಲಿ ಅವನ ಹೆಸರು ಅಂಟಣ್ಣ. ಚೆಂಡು ಅವನ ಹಾಕಿ ಕೋಲಿಗೆ ಬಂದರೆ ಅಂಟಿಕೊಂಡೇ ಬಿಡುತ್ತದೆ ಎಂದು. ಆಟ ಗೊತ್ತಿಲ್ಲದವರಿಗೆ ಒಂದು ವಿಷಯ ಹೇಳಿಬಿಡುತ್ತೇನೆ. ಎದುರಾಳಿಗಳು ತಮ್ಮ ಗೋಲಿನ ಹತ್ತಿರ ತಪ್ಪು ಮಾಡಿದರೆ ನಮಗೆ ಪೆನಾಲ್ಟಿ ಕಾರ್ನರ್ ಸಿಗುತ್ತದೆ. ನಮ್ಮವನೊಬ್ಬ ಗೋಲಿನ ಗೆರೆಯಿಂದ ಚೆಂಡನ್ನು ಹೊರಕ್ಕೆ ತಳ್ಳುತ್ತಾನೆ, ಇನ್ನೊಬ್ಬ ಅದನ್ನು ನಿಲ್ಲಿಸುತ್ತಾನೆ, ಮೂರನೆಯವನು ಹೊಡೆಯುತ್ತಾನೆ. ಹೊಡೆಯುವವನು ನಾನು. ನಿಲ್ಲಿಸುವವನು ಭಾವ. ಗೋಲು ಆದಾಗ ಜನ ಹೆಗಲ ಮೇಲೆ ಹೊರುತ್ತಿದ್ದದ್ದು ನನ್ನನ್ನು. ಭಾವ ಆಗ ಮೊಣಕಾಲಿನ ಮಣ್ಣು ಒರೆಸಿಕೊಳ್ಳುತ್ತಾ ಇರುತ್ತಿದ್ದ. ಆದರೆ ಚೆಂಡು ಒಂದಿಷ್ಟು ಪುಟಿದರೂ, ಕೂದಲೆಳೆಯಷ್ಟು ಅಲುಗಾಡಿದರೂ ನನ್ನ ಹೊಡೆತ ಆಕಾಶಕ್ಕೆ. ಭಾವ ನೆಲಕ್ಕೆ ಬಗ್ಗಿ ಕೋಲನ್ನು ಸಡಿಲವಾಗಿ ಹಿಡಿದು, ಬರುವ ಚೆಂಡಿನ ಜೊತೆ ಚೂರು ಹಿಂದೆ ಸರಿಸಿ ಅದನ್ನು ಮಲಗಿಸುತ್ತಿದ್ದ. ಗಾಜು ಹಿಡಿಯುವ ಕೈ. ನಾನು ಚೆಂಡಿನ ಕಡೆ ನೋಡುವುದನ್ನೇ ಬಿಟ್ಟಿದ್ದೆ. ಅದು ಎಲ್ಲಿರಬೇಕೋ ಅಲ್ಲೇ ಇರುತ್ತದೆ ಎಂದು ಕೋಲು ಬೀಸುತ್ತಿದ್ದೆ.

ನಮ್ಮ ಲೀಗಿನಲ್ಲಿ ಆಟಗಾರರಿಗೆ ಸಂಬಳವಿಲ್ಲ. ಹಾಗಾಗಿ ಕೊಳ್ಳುವುದು ಮಾರುವುದು ಇಲ್ಲ, ಅದಲು ಬದಲು ಮಾತ್ರ. ಹೊಸ ಆಟದ ವರ್ಷ ಶುರುವಾಗುವ ಮುಂಚೆ ಕ್ಲಬ್ಬುಗಳು ಕೂತು ಮಾತಾಡಿ ಒಬ್ಬರನ್ನು ಕೊಟ್ಟು ಒಬ್ಬರನ್ನು ತರುತ್ತವೆ. ಆ ವರ್ಷ ನೂಲಿನ ಗಿರಣಿಯ ಕ್ಲಬ್ಬಿನಲ್ಲಿ ಒಬ್ಬ ಫಾರ್ವರ್ಡ್ ಇದ್ದ, ಜಿಂಕೆ ಎಂದೇ ಕರೆಯುತ್ತಿದ್ದರು. ನಮ್ಮ ಅಧ್ಯಕ್ಷರಿಗೆ ಅವನ ಮೇಲೆ ಕಣ್ಣು ಬಿತ್ತು. ಗಿರಣಿಯವರು ಅವನಿಗೆ ಬದಲಾಗಿ ನನ್ನನ್ನು ಕೇಳಿದರು. ಅಧ್ಯಕ್ಷರು, "ಗೋಲು ಹೊಡೆಯೋನನ್ನ ಕೊಡಲ್ಲ, ಬೇಕಾದ್ರೆ ಅಂಟಣ್ಣನ್ನ ತಗೊಳ್ಳಿ, ಹೇಗೂ ವಯಸ್ಸಾಯ್ತು" ಎಂದರು. ಗಿರಣಿಯ ಕೋಚು ಒಂದು ಗುಟುಕು ಚಹಾ ಕುಡಿಯುವಷ್ಟರಲ್ಲಿ ಒಪ್ಪಿಕೊಂಡ. ಅವನು ಅಷ್ಟು ಬೇಗ ಒಪ್ಪಿದಾಗಲಾದರೂ ನಮ್ಮವರಿಗೆ ಅನುಮಾನ ಬರಬೇಕಿತ್ತು.

ನಾನು ಶೆಡ್ಡಿನಿಂದ ಕೈ ಕೂಡ ತೊಳೆಯದೆ ಕ್ಲಬ್ಬಿಗೆ ಓಡಿದೆ. ಅಲ್ಲೇ ಕೇಳಿದ್ದು ಅಧ್ಯಕ್ಷರ ಆ ಮಾತು. "ಹಾಗಾದ್ರೆ ನೀವೇ ಬಂದು ನಿಲ್ಲಿಸಿ, ನಾನು ಹೊಡೀತೀನಿ" ಎಂದೆ. ಕಾರ್ಯದರ್ಶಿ ನನ್ನ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದರು.

ನಮ್ಮ ಕ್ಲಬ್ಬಿನಲ್ಲಿ ಒಂದು ಪದ್ಧತಿ. ಅಂಗಿಯ ಬೆನ್ನಿನ ನಂಬರು ಬಟ್ಟೆಯಲ್ಲಿ ಕತ್ತರಿಸಿ ಹೊಲಿದದ್ದು. ಬಿಟ್ಟು ಹೋಗುವವನು ತನ್ನ ನಂಬರನ್ನು ತಾನೇ ಬಿಚ್ಚಿ, ಬರೀ ಅಂಗಿಯನ್ನು ವಾಪಸು ಕೊಡಬೇಕು. ಸಂಜೆ ಭಾವ ನಮ್ಮ ಮನೆಗೆ ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ಬ್ಲೇಡಿನಿಂದ ಒಂದೊಂದೇ ಹೊಲಿಗೆ ಕೊಯ್ಯುತ್ತಿದ್ದ.

"ಕೊಡಣ್ಣ, ನಾನು ಬಿಚ್ತೀನಿ, ಬೆರಳು ಕೊಯ್ಕೊಂಡೀಯ" ಎಂದಳು ನನ್ನ ಹೆಂಡತಿ.

"ಗಾಜು ಕೊಯ್ಯೋನಿಗೆ ಹೇಳ್ತಾಳೆ ನೋಡು."

"ನಾನೂ ಬಿಡ್ತೀನಿ ಭಾವ. ನಾಳೆನೇ ಅಂಗಿ ಅವರ ಮುಖದ ಮೇಲೆ ಎಸೆದು ಬರ್ತೀನಿ" ಎಂದೆ ನಾನು.

ಅವನು ತಲೆ ಎತ್ತಲಿಲ್ಲ. "ಎಸೀ. ಆಮೇಲೆ ಮನೇಲಿ ಕೂತು ಇವಳ ಜೊತೆ ಜಗಳ ಆಡು. ಪಾಪ, ಇವಳೇನು ಮಾಡಿದ್ಲು?"

"ನಿನಗೆ ಸಿಟ್ಟೇ ಬರಲ್ವಾ?"

"ಬಂದಿದೆ. ಅದನ್ನ ಅವರ ಮೇಲೆ ಖರ್ಚು ಮಾಡಲ್ಲ. ಅಲ್ಲಿ ಓಡೋಕೆ ಬೇಕು." ಕೊನೆಯ ದಾರ ಎಳೆದು ತೆಗೆದ. "ನಂಗೆ ಇರೋದು ಒಂದು ವರ್ಷ, ಹೆಚ್ಚು ಅಂದ್ರೆ ಎರಡು. ಎಲ್ಲಿ ಆಡಿಸ್ತಾರೋ ಅಲ್ಲಿ ಆಡ್ತೀನಿ. ಕೊನೆಗೆ ಒಂದು ಸಲ ನಿನ್ನ ಜೊತೆ ಆಡ್ಬೇಕು ಅಂತ ಆಸೆ, ಅಷ್ಟೇ. ಅದಕ್ಕಾದ್ರೂ ನೀನು ಆಟದಲ್ಲಿ ಇರ್ಬೇಕಲ್ಲೋ, ಮಾರಾಯ."

ನಾನು ಅಂಗಿ ಎಸೆಯಲಿಲ್ಲ.

ಗಿರಣಿಯ ಹುಡುಗರು ಮೊದಮೊದಲು ಅವನನ್ನು ಅಂಕಲ್ ಎಂದು ಕರೆದರು. ಓಟದಲ್ಲಿ ಕೊನೆಗೆ ಬರುತ್ತಿದ್ದ. "ಅಂಕಲ್, ಆಟೋ ತರಿಸ್ಲಾ?" ಎಂದು ಒಬ್ಬ ಕೇಳಿದನಂತೆ. ಭಾವ, "ತರ್ಸಪ್ಪ, ನಿನ್ನ ಹೊಡೆತ ಹೊರಗೆ ಹೋದಾಗ ಚೆಂಡು ಹುಡುಕೋಕೆ ಬೇಕಾಗುತ್ತೆ" ಎಂದನಂತೆ. ಬೆಳಿಗ್ಗೆ ಅಂಗಡಿಗೆ ಹೋಗುವ ಮುಂಚೆ ಗಿರಣಿಯ ಮೈದಾನ ಸುತ್ತುತ್ತಿದ್ದ. ಅಂಗಡಿಯ ಮಾಲೀಕ ಬೈದರೂ ಬಿಡಲಿಲ್ಲ. ಸ್ವಲ್ಪ ದಿನದಲ್ಲೇ ಆ ಹುಡುಗರು ಪೆನಾಲ್ಟಿ ಕಾರ್ನರಿನಲ್ಲಿ ಗೋಲು ಹೊಡೆಯಲು ಶುರು ಮಾಡಿದರು. ಅಂಕಲ್ ಹೋಗಿ ಅಣ್ಣ ಆಯಿತು.

ನಮ್ಮ ಕಡೆ? ಸುಳ್ಳು ಯಾಕೆ ಹೇಳಲಿ, ಜಿಂಕೆ ಒಳ್ಳೆಯ ಆಟಗಾರ. ಗೋಲಿನ ಮೇಲೆ ಗೋಲು ಹೊಡೆದ. ಹಳಬರನ್ನು ಬಿಟ್ಟುಕೊಡಲೇಬಾರದು ಎಂದು ನಾನು ಎಲ್ಲೂ ವಾದ ಮಾಡುವುದಿಲ್ಲ. ನಮ್ಮ ಗೋಲ್‌ಕೀಪರನ್ನು ಇನ್ನೂ ಎರಡು ವರ್ಷ ಮುಂಚೆಯೇ ಕಳಿಸಬೇಕಿತ್ತು, ಅದನ್ನು ಅವನ ಎದುರಿಗೇ ಹೇಳಿದ್ದೇನೆ. ಆದರೆ ಬಾಗಿಲು ಇಟ್ಟುಕೊಂಡು ಅದರ ಕೀಲು ಕೊಟ್ಟುಬಿಡುತ್ತಾರಾ ಯಾರಾದರೂ? ಭಾವನ ಜಾಗದಲ್ಲಿ ಒಬ್ಬೊಬ್ಬರನ್ನೇ ನಿಲ್ಲಿಸಿ ನೋಡಿದೆವು. ಒಬ್ಬನ ಕೋಲಿಗೆ ಚೆಂಡು ಬಡಿದು ಕಪ್ಪೆಯಂತೆ ಹಾರುತ್ತಿತ್ತು, ಇನ್ನೊಬ್ಬನ ಕೋಲಿನ ಕೆಳಗೇ ನುಸುಳುತ್ತಿತ್ತು. ನಾನು ಬೀಸಿದ್ದೆಲ್ಲ ಗಾಳಿಗೆ. ನಾನು ಬೈದೆ, ಅವರು ತಿರುಗಿ ಬೈದರು.

ಆ ವರ್ಷದ ಕೊನೆಯ ಪಂದ್ಯ ಗಿರಣಿಯವರ ಮೇಲೇ ಬಂತು. ಸಮ ಆದರೆ ಲೀಗಿನ ಕಪ್ಪು ಅವರಿಗೆ, ಗೆದ್ದರೆ ನಮಗೆ. ಬೂಟು ಕಟ್ಟುವಾಗ ಭಾವ ನನ್ನ ಹತ್ತಿರ ಬಂದ.

"ಇವತ್ತು ನಿಮಗೆ ಕಾರ್ನರ್ ಸಿಕ್ರೆ, ನಿನ್ನ ಹೊಡೆತ ತಡೆಯೋಕೆ ಗೋಲಿನಿಂದ ಮೊದಲು ಓಡಿ ಬರೋನು ನಾನೇ."

"ಈ ಕಾಲಲ್ಲಾ? ನಿಮ್ಮ ಕೋಚಿಗೆ ತಲೆ ಸರಿ ಇದ್ಯಾ?"

"ನಾನೇ ಕೇಳ್ಕೊಂಡೆ. ನೀನು ಕೋಲು ಎತ್ತೋ ಹೊತ್ತಿಗೆ ಚೆಂಡು ಎಲ್ಲಿಗೆ ಹೋಗುತ್ತೆ ಅಂತ ನಂಗಿಂತ ಚೆನ್ನಾಗಿ ಯಾರಿಗೋ ಗೊತ್ತು? ಒಂದು ಮಾತು. ನಾನು ಅಡ್ಡ ಬಂದೆ ಅಂತ ಮೆತ್ತಗೆ ಹೊಡೆದ್ರೆ ನಿನ್ನ ಮನೆ ಮೆಟ್ಟಿಲು ಹತ್ತಲ್ಲ."

"ನಾನ್ಯಾಕೆ ಮೆತ್ತಗೆ ಹೊಡೀಲಿ? ನೀನೇನು ನನ್ನ ಮಾವನಾ?"

ಆಟ ಒಂದಕ್ಕೊಂದು ಸಮ ಇತ್ತು. ಮುಗಿಯುವ ಹೊತ್ತಿಗೆ ನಮಗೆ ಕಾರ್ನರ್ ಸಿಕ್ಕಿತು. ಗೋಲಿನ ಗೆರೆಯ ಮೇಲೆ ಭಾವ ಬಗ್ಗಿ ನಿಂತಿದ್ದ. ಚೆಂಡು ಬಂತು. ನಮ್ಮ ಹುಡುಗ ನಿಲ್ಲಿಸಿದ, ಆದರೆ ಅದು ಒಂದು ಬೆರಳು ಪುಟಿಯಿತು. ನಾನು ಆಗಲೇ ಕೋಲು ಎತ್ತಿಯಾಗಿತ್ತು. ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಬೀಸಿದೆ. ಚೆಂಡು ನೆಲ ಬಿಟ್ಟು ಎದ್ದು, ನೇರ ನನ್ನ ಕಡೆಗೆ ಓಡಿ ಬರುತ್ತಿದ್ದ ಭಾವನ ಮೊಣಕಾಲ ಚಿಪ್ಪಿಗೆ ಬಡಿಯಿತು. ಆ ಸದ್ದು ನಾನು ಶೆಡ್ಡಿನಲ್ಲಿ ಎಂದೂ ಕೇಳದ ಸದ್ದು.

ಒಂದು ಗೇಣು ಕೆಳಗೆ ಬಡಿದಿದ್ದರೆ ನಿಯಮದ ಪ್ರಕಾರ ನಮಗೇ ಇನ್ನೊಂದು ಕಾರ್ನರ್ ಸಿಗುತ್ತಿತ್ತು. ಮೊಣಕಾಲಿಗೇ ಬಿದ್ದದ್ದರಿಂದ ಅಪಾಯದ ಹೊಡೆತ ಎಂದು ಅಂಪೈರು ಚೆಂಡನ್ನು ಅವರಿಗೆ ಕೊಟ್ಟರು. ಪಂದ್ಯ ಸಮ ಆಯಿತು, ಕಪ್ಪು ಅವರಿಗೆ ಹೋಯಿತು. ನಾನು ಕೋಲು ಬಿಸಾಡಿ ಭಾವನ ಪಕ್ಕ ಕೂತಿದ್ದೆ. ನೋವಿಗೆ ಅವನ ಮುಖ ಬಿಳುಚಿತ್ತು.

"ಚೆನ್ನಾಗಿ ಹೊಡೆದೆ ಕಣೋ" ಎಂದ. "ನಾನು ಬರದೆ ಇದ್ರೆ ಗೋಲು ಆಗ್ತಿತ್ತು."

"ಬಾಯ್ಮುಚ್ಚು ಭಾವ."

"ಇಲ್ಲ, ನ್ಯಾಯ ನ್ಯಾಯವೇ. ನಿನ್ನ ಒಂದು ಗೋಲು ನಾನು ತಿಂದೆ. ಅದು ನನ್ನ ಮೇಲೆ ಸಾಲ. ಒಂದೇ ಒಂದು ಸಲ ಚೆಂಡು ನಿಲ್ಲಿಸಿ ಕೊಟ್ಟು ತೀರಿಸ್ತೀನಿ."

ಚಿಪ್ಪು ಬಿರುಕು ಬಿಟ್ಟಿತ್ತು. ಆಟ ಮರೆತುಬಿಡಿ ಎಂದರು ಡಾಕ್ಟರು. "ಓಡೋದನ್ನ ಮರೀತೀನಿ ಸಾರ್. ಚೆಂಡು ನಿಲ್ಲಿಸೋನು ಓಡೋದೇನಿಲ್ಲ, ನಿಂತ್ರೆ ಸಾಕು" ಎಂದ ಭಾವ. ಪಟ್ಟಿ ಬಿಚ್ಚಿದ ಮೇಲೆ ನಮ್ಮ ಮನೆಯ ಹಿಂದಿನ ಗೋಡೆಯ ಬಳಿ ಅಭ್ಯಾಸ ಶುರುವಾಯಿತು. ನನ್ನ ಹೆಂಡತಿ ಚೆಂಡು ತಳ್ಳುವುದು, ಅವನು ಬಗ್ಗುವುದು. ಮೊದಲು ಕಾಲು ಮಡಿಸಲಾಗದೆ ಬಿದ್ದ. ಎದ್ದ. ಮತ್ತೆ ಬಿದ್ದ.

"ಸಾಕಣ್ಣ, ನನ್ನ ಕೈಲಿ ನೋಡೋಕಾಗಲ್ಲ" ಎಂದಳು.

"ನೋಡಬೇಡ, ತಳ್ಳು."

ಬಿಸಿನೀರು, ಎಣ್ಣೆ, ಬೈಗುಳ, ಎಲ್ಲ ಆಯಿತು. ಕೊನೆಗೆ ಕಾಲು ಅರ್ಧ ಮಡಚಿತು. ಆ ಅರ್ಧದಲ್ಲೇ ಅವನು ಚೆಂಡನ್ನು ಮಲಗಿಸಲು ಕಲಿತ.

ಮತ್ತೆ ಅದಲು ಬದಲಿನ ಸಮಯ ಬಂದಾಗ ನಾನೇ ಅಧ್ಯಕ್ಷರ ಮುಂದೆ ಹೋಗಿ ನಿಂತೆ. "ನನ್ನನ್ನೂ ಗಿರಣಿಗೆ ಕೊಡಿ. ಕೊಡದಿದ್ರೆ ಬರೀ ಸುಮ್ಮನೆ ಬೆಂಚ್ ಮೇಲೆ ಕೂತ್ಕೋತೀನಿ, ಜೊತೆಗೆ ದಿನಾ ಮಾತಾಡ್ತೀನಿ" ಎಂದೆ. ನನ್ನ ಮಾತು ದಿನಾ ಕೇಳುವುದಕ್ಕಿಂತ ಕೊಡುವುದೇ ಮೇಲು ಎನಿಸಿತೇನೋ, ಒಪ್ಪಿದರು. ನಂಬರು ನಾನು ಬ್ಲೇಡಿನಿಂದ ಬಿಚ್ಚಲಿಲ್ಲ, ಹರಿದೆ.

ಗಿರಣಿಯ ಕೋಚು ಭಾವನನ್ನು ತಂಡದಲ್ಲಿ ಇಟ್ಟುಕೊಂಡಿದ್ದ, ಆದರೆ ಇಳಿಸುತ್ತಿರಲಿಲ್ಲ. ಕಾರ್ನರ್ ಸಿಕ್ಕ ಮೇಲೆ ಆಟಗಾರರನ್ನು ಬದಲಿಸುವ ಹಾಗಿಲ್ಲ; ಮೊದಲೇ ಇಳಿಸಿದರೆ ಓಡಲಾಗದವನೊಬ್ಬ ಮೈದಾನದಲ್ಲಿ ಹೊರೆ. ವರ್ಷಪೂರ್ತಿ ಅವನು ಬೂಟು ಬಿಗಿದುಕೊಂಡು ಬೆಂಚಿನ ಮೇಲೆ ಕೂತ. ನಾನು ಕೋಚಿನ ಕಿವಿ ಕೊರೆದೆ. ಕೊನೆಯ ಪಂದ್ಯದಲ್ಲಿ, ಕೊನೆಯ ಸ್ವಲ್ಪ ಹೊತ್ತಿಗೆ, ಅವನು ಮಣಿದ. "ಅಂಟಣ್ಣ, ಅಲ್ಲಿ ಮುಂದೆ ಹೋಗಿ ನಿಂತ್ಕೊ. ಓಡಬೇಡ. ಕಾರ್ನರ್ ಸಿಕ್ರೆ ಮಾತ್ರ ನಿನ್ನ ಕೆಲಸ."

ಭಾವ ಕುಂಟುತ್ತಾ ಬಂದು ನಿಂತ. ನನ್ನನ್ನು ನೋಡಿ ಹುಬ್ಬು ಹಾರಿಸಿದ. ನಾನು ಫಾರ್ವರ್ಡ್ ಹುಡುಗನಿಗೆ ಕೂಗಿದೆ, "ಗೋಲಿಗೆ ಹೋಗಬೇಡ್ವೋ. ಚೆಂಡನ್ನ ಅವರ ಕಾಲಿಗೆ ಹೊಡಿ. ಕಾರ್ನರ್ ತಗೋ." ಎದುರಾಳಿಗಳು ಆ ದಿನ ಸಾಧುಗಳಂತೆ ಆಡಿದರು. ಒಂದು ಕಾಲು ಅಡ್ಡ ಬರಲಿಲ್ಲ, ಒಂದು ಕೋಲು ತಪ್ಪಲಿಲ್ಲ. ಕಡೆಗೆ ನಮ್ಮ ಹುಡುಗನ ಮುಂದೆ ಅವರ ಡಿಫೆಂಡರಿನ ಎರಡು ಕಾಲೂ ಅಗಲವಾಗಿ ನಿಂತಿದ್ದವು, ತಟ್ಟಿದರೆ ಸಾಕಿತ್ತು. ಆ ಬುದ್ಧಿವಂತ ಅವನನ್ನು ಸುತ್ತಿ ಹೋಗಿ ಚೆಂದದ ಗೋಲು ಹೊಡೆದ. ಅಂಪೈರು ಸೀಟಿ ಊದಿದರು. ಗೆದ್ದೆವು. ಎಲ್ಲರೂ ಅವನನ್ನು ಎತ್ತಿ ಕುಣಿಸುತ್ತಿದ್ದರೆ ನಾನೊಬ್ಬ ಅವನಿಗೆ ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಗೋಲು ಹೊಡೆದದ್ದಕ್ಕೆ ಬೈಸಿಕೊಂಡ ಆಟಗಾರ ಅವನೊಬ್ಬನೇ ಇರಬೇಕು.

ಅದೇ ಭಾವನ ಕೊನೆಯ ಪಂದ್ಯ. ಮಾರನೆಯ ವರ್ಷ ಮೊಣಕಾಲು ಪೂರಾ ಬಿಗಿಯಿತು. ನಾನೂ ಒಂದೆರಡು ವರ್ಷಕ್ಕೆ ಕೋಲು ಇಳಿಸಿದೆ.

ಈಗಲೂ ಅವನು ಗಾಜು ಕೂರಿಸುತ್ತಾನೆ, ನೆಲಮಹಡಿಯ ಕಿಟಕಿಗಳಿಗೆ ಮಾತ್ರ. ಹೋದ ವಾರ ಒಂದು ಹೊಸ ಮನೆಯಲ್ಲಿ ಸಿಕ್ಕಿದ್ದ. ಕಿಟಕಿಯ ಅಂಚು ಒರೆಸುತ್ತಾ ಕೇಳಿದ, "ಆ ಗೋಲು ಹಾಗೇ ಉಳೀತಲ್ಲೋ. ಮನ್ನಾ ಮಾಡಿಬಿಡ್ತೀಯಾ?"

"ಯಾಕೆ ಮಾಡ್ಲಿ?" ಎಂದೆ. "ಕೊಡೋನು ಇದ್ದಾನೆ, ತಗೊಳ್ಳೋನೂ ಇದ್ದೀನಿ. ಕೊಡು."

"ಕೊಡ್ತೀನಿ ಕಣೋ" ಎಂದು, ಆ ಕಾಲನ್ನು ಎಳೆದುಕೊಂಡು ಮುಂದಿನ ಕಿಟಕಿಗೆ ಹೋದ.